ಮಂಡಿ ಬದಲಾವಣೆ: ದರ ಇಳಿದರೂ ಇಳಿಯದ ಗೊಂದಲ

ಬೆಂಗಳೂರು: ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರು 2000ರ ಅಕ್ಟೋಬರ್‌ನಲ್ಲಿ ಎಡ ಮಂಡಿಗೆ, 2001ರ ಜೂನ್‌ನಲ್ಲಿ ಬಲ ಮಂಡಿಗೆ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಕೃತಕ ಕೀಲು ದೇಶದಾದ್ಯಂತ ಸುದ್ದಿಯಾಗಿತ್ತು. ಅಂದು ಉಳ್ಳವರಿಗಷ್ಟೇ ಎನಿಸಿದ್ದ ಈ ಚಿಕಿತ್ಸೆ ಇಂದು ಮಧ್ಯಮವರ್ಗದ ಮನೆಗಳಲ್ಲೂ ಚರ್ಚೆಯ ವಿಷಯ. ಆದರೆ ಆ ಚರ್ಚೆ ಹೆಚ್ಚಾಗಿ ಹಣದ ಸುತ್ತಲೇ ಗಿರಕಿ ಹೊಡೆಯುತ್ತಿದೆ.

ಹಣದ ವಿಚಾರದಲ್ಲಿ ಸರ್ಕಾರ ಮಧ್ಯಪ್ರವೇಶಿಸಿದ್ದುಂಟು. ಅಂದಿನ ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವ, ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್ ಅವರು 2017ರ ಆಗಸ್ಟ್ 16ರಂದು ಮಂಡಿಯ ಇಂಪ್ಲಾಂಟ್‌ಗಳಿಗೆ ಗರಿಷ್ಠ ದರ ಪ್ರಕಟಿಸಿದರು. ಸರಾಸರಿ 1,58,324 ರೂ. ಇದ್ದ ಕೋಬಾಲ್ಟ್-ಕ್ರೋಮಿಯಂ ಇಂಪ್ಲಾಂಟ್ ದರ, ತೆರಿಗೆ ಹೊರತುಪಡಿಸಿ, 54,720 ರೂ.ಗೆ ಇಳಿಯಿತು. ಆದರೆ ಕಡಿವಾಣ ಬಿದ್ದದ್ದು ಇಂಪ್ಲಾಂಟ್‌ಗೆ ಮಾತ್ರ. ವೈದ್ಯರ ಶುಲ್ಕ, ಕೊಠಡಿ ಬಾಡಿಗೆ, ಇತರ ವೆಚ್ಚಗಳು ಆ ಆದೇಶದ ವ್ಯಾಪ್ತಿಗೆ ಬರಲಿಲ್ಲ.

ಯಾವ ಚಿಕಿತ್ಸೆ, ಯಾವಾಗ?

ಬೆಲೆಗಿಂತ ಮುಖ್ಯವಾದ ಪ್ರಶ್ನೆ ಇದು. ಸವೆದ ಮಂಡಿಗೆ ಸಣ್ಣ ರಂಧ್ರದ ಮೂಲಕ ಉಪಕರಣ ತೂರಿಸಿ 'ಸ್ವಚ್ಛಗೊಳಿಸುವ' ಆರ್ತ್ರೋಸ್ಕೋಪಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಕೇವಲ ಚರ್ಮ ಕೊಯ್ದು ಹೊಲಿದ ರೋಗಿಗಳಿಗಿಂತ ಹೆಚ್ಚಿನ ಲಾಭ ಅದರಿಂದ ಆಗಲಿಲ್ಲವೆಂದು 2002ರ ಅಮೆರಿಕದ ಅಧ್ಯಯನ ತೋರಿಸಿತು.

ಮಂಡಿಯ ಒಂದೇ ಬದಿ ಸವೆದಿರುವ, ವಯಸ್ಸು ಕಡಿಮೆಯಿರುವವರಿಗೆ ಮೂಳೆ ಕತ್ತರಿಸಿ ಕಾಲಿನ ನೇರ ಸರಿಪಡಿಸುವ ಆಸ್ಟಿಯಾಟಮಿ ಅಥವಾ ಸವೆದ ಭಾಗವನ್ನಷ್ಟೇ ಬದಲಿಸುವ ಚಿಕಿತ್ಸೆ ಸಾಧ್ಯ. ಕೀಲು ಪೂರ್ತಿ ಸವೆದಿದ್ದರೆ ಸಂಪೂರ್ಣ ಬದಲಾವಣೆಯೇ ಮಾರ್ಗ. 'ಲ್ಯಾನ್ಸೆಟ್' ಪತ್ರಿಕೆ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಸಂಪೂರ್ಣ ಬದಲಿಸಿದ ಮಂಡಿಗಳಲ್ಲಿ ಶೇ 82ರಷ್ಟು, ಭಾಗಶಃ ಬದಲಿಸಿದವುಗಳಲ್ಲಿ ಶೇ 70ರಷ್ಟು 25 ವರ್ಷ ಬಾಳುತ್ತವೆ.

ಅಂದರೆ 70ರ ವಯಸ್ಸಿನಲ್ಲಿ ಬದಲಿಸಿಕೊಂಡವರಿಗೆ ಬಹುಪಾಲು ಅದೇ ಕೊನೆಯ ಶಸ್ತ್ರಚಿಕಿತ್ಸೆ. 50ರಲ್ಲಿ ಅವಸರಪಟ್ಟವರಿಗೆ ಇನ್ನೊಂದು ಕಾದಿರಬಹುದು. ಎರಡನೆಯದು ಮೊದಲಿಗಿಂತ ಕಠಿಣ, ದುಬಾರಿ. ಹಾಗೆಂದು ಹಾಸಿಗೆ ಹಿಡಿಯುವವರೆಗೆ ಮುಂದೂಡಿದರೆ ತೊಡೆಯ ಸ್ನಾಯುಗಳು ಸೊರಗಿ ಚೇತರಿಕೆ ಕುಂಟುತ್ತದೆ. ವ್ಯಾಯಾಮ, ತೂಕ ಇಳಿಕೆ, ಔಷಧಗಳಿಂದ ಪ್ರಯೋಜನ ಕಾಣದೆ, ನೋವು ನಿದ್ದೆ ಕೆಡಿಸಿ ನಡಿಗೆಗೆ ಅಡ್ಡಿಯಾದಾಗಲೇ ಶಸ್ತ್ರಚಿಕಿತ್ಸೆಯ ಮಾತು ಬರಬೇಕು.

ಸರ್ಕಾರ ಲೋಹಕ್ಕೆ ಬೆಲೆ ಕಟ್ಟಬಲ್ಲದು. ಸರಿಯಾದ ಸಮಯವನ್ನು ನಿಗದಿಪಡಿಸಲಾರದು. 'ಪ್ಯಾಕೇಜ್ ಎಷ್ಟು?' ಎಂದು ಕೇಳುವ ಮೊದಲು 'ಇದು ಈಗಲೇ ಬೇಕೇ, ಬೇರೆ ದಾರಿ ಇಲ್ಲವೇ?' ಎಂದು ಕೇಳುವ ಹೊಣೆ ರೋಗಿಯದು, ಸಾವಧಾನವಾಗಿ ಉತ್ತರಿಸುವ ಹೊಣೆ ವೈದ್ಯರದು.