ಬೇಡದ ಹೆದರಿಕೆ, ಕೇಳದ ಪ್ರಶ್ನೆ

ಐವಿಎಫ್‌ಗೆ ಹೊರಟ ಹೆಣ್ಣಿಗೆ ಫೇಶಿಯಲ್ ಬೇಡ, ಹುಬ್ಬನ್ನೂ ತೀಡಿಸಬೇಡ ಎನ್ನುವವರಿಗೆ ಬರವಿಲ್ಲ. ಅಂಡಾಣು ತೆಗೆಯುವ ದಿನ ನೇಲ್ ಪಾಲಿಶ್ ಬೇಡ ಎನ್ನಲು ಮಾತ್ರ ಕಾರಣವಿದೆ: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಅಷ್ಟೇ.

ಹೆದರಬೇಕಾದದ್ದು ಬೇರೆ. ಮೊಡವೆಗೆಂದು ನುಂಗುವ ಐಸೊಟ್ರೆಟಿನಾಯಿನ್ ಗರ್ಭದ ಕೂಸಿನ ಅಂಗಗಳನ್ನೇ ಊನ ಮಾಡಬಲ್ಲದು. ಅದನ್ನು ನಿಲ್ಲಿಸಿ ಕನಿಷ್ಠ 1 ತಿಂಗಳು ಕಳೆದಿರಬೇಕು. ಬೆಳ್ಳಗಾಗಿಸುವ ಎಷ್ಟೋ ಕ್ರೀಮುಗಳಲ್ಲಿ ಪಾದರಸ ಸಿಕ್ಕಿದೆ, ಅದು ಮಾಸು ದಾಟಿ ಕೂಸನ್ನು ಮುಟ್ಟುತ್ತದೆ. ಕೂದಲು ನೇರ ಮಾಡುವ ಕೆಲವು ಕೆರಾಟಿನ್ ದ್ರಾವಣಗಳು ಬಿಸಿ ತಾಗಿದರೆ ಫಾರ್ಮಾಲ್ಡಿಹೈಡ್ ಆವಿ ಬಿಡುತ್ತವೆ.

ಲಕ್ಷಗಟ್ಟಲೆ ಬಿಲ್ ಮಾಡುವ ಕ್ಲಿನಿಕ್ಕುಗಳ ಫಾರಮ್ಮಿನಲ್ಲಿ ಗಂಡನ ಉದ್ಯೋಗಕ್ಕೂ ಜಾಗವಿದೆ. ಮುಖಕ್ಕೆ ಏನು ಹಚ್ಚುತ್ತೀರಿ, ಮೊಡವೆಗೆ ಏನು ನುಂಗುತ್ತೀರಿ ಎಂಬ ಸಾಲು ಎಷ್ಟರಲ್ಲಿದೆ? ಚಿಕಿತ್ಸೆ ಕೈಕೊಟ್ಟಾಗ ಮಾತ್ರ ಮನೆಮಂದಿಗೆಲ್ಲ ಅವಳು ಪಾರ್ಲರಿಗೆ ಹೋದದ್ದು ನೆನಪಾಗುತ್ತದೆ.