ಅಪಕೃತ್ಯ ಕಾನೂನು: ವಾಣಿಜ್ಯ ವಿದ್ಯಾರ್ಥಿಗಳೂ ಕಲಿಯಲಿ

ವಾಣಿಜ್ಯ ಪದವಿ ಪಡೆದು ಮನೆತನದ ಅಂಗಡಿಗೋ ಕಾರ್ಖಾನೆಗೋ ಬಂದು ಸೇರುವ ಯುವಜನರಿಗೆ ಕರಾರು ಅಧಿನಿಯಮ, ಸರಕು ಮಾರಾಟ ಅಧಿನಿಯಮಗಳ ಪರಿಚಯ ತಕ್ಕಮಟ್ಟಿಗೆ ಇರುತ್ತದೆ. ಆದರೆ ಕರಾರೇ ಇಲ್ಲದವರಿಗೂ ವ್ಯಾಪಾರಸ್ಥನು ಹೊಣೆಗಾರನಾಗಬಲ್ಲನೆಂಬ ಸಂಗತಿ ಅವರ ಪಠ್ಯದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅದನ್ನು ಬೋಧಿಸುವುದು ಟಾರ್ಟ್ ಎಂದು ಕರೆಯಲಾಗುವ ಅಪಕೃತ್ಯ ಕಾನೂನು. ಕಾನೂನು ವಿದ್ಯಾರ್ಥಿಗಳಿಗೆ ಇದು ಕಡ್ಡಾಯ ವಿಷಯ. ವಾಣಿಜ್ಯ ವಿದ್ಯಾರ್ಥಿಗಳಿಗೂ ಇದರ ಮೂಲತತ್ತ್ವಗಳನ್ನು ಕಲಿಸುವುದು ಇಂದು ಅವಶ್ಯವಾಗಿದೆ.

ಭಾರತದಲ್ಲಿ ಈ ಕಾನೂನು ಒಂದೇ ಅಧಿನಿಯಮವಾಗಿ ಕ್ರೋಡೀಕೃತವಾಗಿಲ್ಲ. ಕಲಂಗಳನ್ನು ಉರುಹೊಡೆಯಲು ಸಿದ್ಧನಾಗಿ ಬಂದ ವಿದ್ಯಾರ್ಥಿ ಆರಂಭದಲ್ಲಿ ತಬ್ಬಿಬ್ಬಾಗುತ್ತಾನೆ. ಅವನ ಮುಂದಿರುವುದು ಮೊಕದ್ದಮೆಗಳು, ಅಂದರೆ ಕಥೆಗಳು. 1410ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ಪ್ರತಿಸ್ಪರ್ಧಿ ಶಾಲೆಯೊಂದು ತೆರೆದು, ಹಳೆಯ ಶಾಲೆಯವರು 40 ಪೆನ್ನಿಯ ಶುಲ್ಕವನ್ನು 12ಕ್ಕೆ ಇಳಿಸಬೇಕಾಯಿತು. ನಷ್ಟವೇನೋ ನಿಜ, ಹಕ್ಕಿಗೆ ಭಂಗ ಬಂದಿರಲಿಲ್ಲವಾದ್ದರಿಂದ ಪರಿಹಾರ ದೊರೆಯಲಿಲ್ಲ. ಎದುರು ಮಳಿಗೆಯವನು ದರ ಇಳಿಸಿದನೆಂದು ವಕೀಲರಲ್ಲಿಗೆ ಧಾವಿಸುವವರು ಇದೊಂದನ್ನು ತಿಳಿದಿದ್ದರೂ ಸಾಕಷ್ಟು ಫೀಸು ಉಳಿದೀತು.

ತಯಾರಕರಿಗೆ ಇನ್ನೂ ಹತ್ತಿರವಾದುದು ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಪ್ರಕರಣ. 1928ರ ಆಗಸ್ಟ್‌ನಲ್ಲಿ ಅಲ್ಲಿನ ಕೆಫೆಯೊಂದರಲ್ಲಿ ಮೇ ಡೊನೊಹ್ಯೂ ಎಂಬ ಮಹಿಳೆಗೆ ಸ್ನೇಹಿತರೊಬ್ಬರು ಜಿಂಜರ್ ಬಿಯರ್ ಕೊಡಿಸಿದರು. ಒಳಗಿನದು ಕಾಣದ ಬಾಟಲಿಯಿಂದ ಕೊಳೆತ ಬಸವನಹುಳು ಹೊರಬಿತ್ತೆಂದೂ, ತಾನು ಕಾಯಿಲೆ ಬಿದ್ದೆನೆಂದೂ ಆಕೆಯ ದೂರು. ಹಣ ಕೊಟ್ಟವರು ಸ್ನೇಹಿತರಾದ್ದರಿಂದ ಆಕೆಗೆ ಕೆಫೆಯೊಡನೆಯೂ ಕರಾರಿಲ್ಲ, ತಯಾರಕನೊಡನೆಯೂ ಇಲ್ಲ. ಆದರೂ ಅಂತಿಮ ಬಳಕೆದಾರರ ವಿಷಯದಲ್ಲಿ ತಯಾರಕನು ಎಚ್ಚರಿಕೆ ವಹಿಸಬೇಕಾದ ಕರ್ತವ್ಯವುಂಟೆಂದು 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂವರಿಗೆ ಇಬ್ಬರ ಬಹುಮತದಿಂದ ತೀರ್ಪಿತ್ತಿತು. (ಹುಳು ನಿಜವಾಗಿ ಇತ್ತೇ ಎಂಬುದು ಕೊನೆಗೂ ಸಾಬೀತಾಗಲಿಲ್ಲ. ತಯಾರಕನು ತೀರಿಕೊಂಡ ಮೇಲೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.)

ಇದು ದೂರದೇಶದ ಹಳೆಯ ಮಾತೆಂದು ಕಡೆಗಣಿಸುವಂತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಆರನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಗೇ ಮೀಸಲಾಗಿದೆ. ತಯಾರಿಕೆಯ ದೋಷವಷ್ಟೇ ಅಲ್ಲ, ಬಳಕೆಯ ಸರಿಯಾದ ಸೂಚನೆ ಅಥವಾ ಎಚ್ಚರಿಕೆ ಕೊಡದಿರುವುದೂ ತಯಾರಕನ ತಲೆಗೆ ಬರುತ್ತದೆ. ಬರಿಯ ಮಾರಾಟಗಾರರು ಓದಬೇಕಾದುದು 86ನೆಯ ಕಲಂ: ತಯಾರಕನು ಯಾರೆಂದು ತಿಳಿಯದಿದ್ದರೆ, ತಿಳಿದರೂ ಅವನಿಗೆ ನೋಟಿಸು ಜಾರಿಮಾಡಲು ಆಗದಿದ್ದರೆ, ಅಥವಾ ಅವನು ಭಾರತದ ಕಾನೂನಿಗೆ ಒಳಪಡದಿದ್ದರೆ ಹೊಣೆ ಮಾರಿದವನದೇ ಆಗಬಹುದು. ಬಿಲ್ಲಿಲ್ಲದೆ, ಅಗ್ಗವೆಂದು ತಂದ ಚಾರ್ಜರಿನಿಂದ ಗಿರಾಕಿಯ ಮನೆಗೆ ಬೆಂಕಿ ತಗುಲಿದರೆ ಅಂಗಡಿಯವನು ಯಾರತ್ತ ಬೆರಳು ತೋರಿಸಬೇಕು? 'ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ' ಎಂಬ ಮುದ್ರಿತ ಸಾಲು ಅಲ್ಲಿ ರಕ್ಷಣೆಗೆ ಬಾರದು.

ಪದವಿ ತರಗತಿಗಳ ವಾಣಿಜ್ಯ ಕಾನೂನು ಪತ್ರಿಕೆಯಲ್ಲಿ ಇದಕ್ಕೊಂದು ಘಟಕ ಸೇರಿಸುವಂತೆ ವಾಣಿಜ್ಯ ಮಂಡಳಿಗಳು ವಿಶ್ವವಿದ್ಯಾಲಯಗಳನ್ನು ಒತ್ತಾಯಿಸಬೇಕು. ಅದು ಆಗುವವರೆಗೆ ಕಾನೂನು ಕಾಲೇಜಿನ ಅಧ್ಯಾಪಕರನ್ನು ಕರೆಸಿ, ಕನ್ನಡದಲ್ಲಿಯೇ, ನಾಲ್ಕಾರು ಸಂಜೆಯ ತರಗತಿ ಏರ್ಪಡಿಸುವುದು ದುಬಾರಿಯ ಕೆಲಸವೇನಲ್ಲ. ಸದಸ್ಯರು ತಮ್ಮ ತಮ್ಮ ಬಿಲ್ ಪುಸ್ತಕ, ಖರೀದಿ ರಸೀದಿ, ಲೇಬಲ್‌ಗಳನ್ನು ಜೊತೆಗೆ ತಂದರೆ ಮೊದಲ ಪಾಠಕ್ಕೆ ಬೇರೆ ಪುಸ್ತಕ ಬೇಕಾಗದು.