ಶಾಲೆಯ ದೂರು ಯಾವ ಬಾಗಿಲಿಗೆ?



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕೂಲಿಕಾರರು ಶಾಲೆಯಲ್ಲಿ ಅನ್ಯಾಯವಾದರೆ ಮುಂಬಯಿಯ ಲೋಕಾಯುಕ್ತರಿಗೆ ಅರ್ಜಿ ಹಾಕಿದರೆ ಸಾಕೆಂದು ನಂಬುವುದುಂಟು. ಈ ನಂಬಿಕೆ ಅರ್ಧ ಮಾತ್ರ ಸರಿ. ಉಳಿದರ್ಧ ತಿಳಿಯದೆ ಬಡವರ ಕೂಲಿಯೂ ಕಾಲವೂ ಹಾಳಾಗುತ್ತವೆ.

ಮಹಾರಾಷ್ಟ್ರವು 1971ರಲ್ಲಿಯೇ ಲೋಕಾಯುಕ್ತ ಕಾಯ್ದೆ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಅದು ಸರಕಾರಿ ಸೇವಕರ ಮೇಲಿಟ್ಟ ಕಣ್ಣು. ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿ ಅದರೊಳಗೆ ಬಂದರು. ಖಾಸಗಿ ಶಾಲೆಯ ಆಡಳಿತ ಮಂಡಳಿ ಸಾಮಾನ್ಯವಾಗಿ ಹೊರಗುಳಿಯಿತು. ಕುಂದುಕೊರತೆ ತಿಳಿದ 12 ತಿಂಗಳೊಳಗೆ ದೂರು ಕೊಡಬೇಕೆಂದು ಕಾಯ್ದೆ ಗೆರೆ ಎಳೆಯಿತು. ಕೋರ್ಟಿನಲ್ಲಿ ಪರಿಹಾರವಿದ್ದರೆ ಮೊದಲು ಅಲ್ಲಿಗೆ ಹೋಗೆಂದಿತು. ತನಿಖೆಯ ನಂತರವೂ ಶಿಫಾರಸು ಉಂಟು, ಹುಕುಮು ಇಲ್ಲ.

ಕನ್ನಡದ ಮಕ್ಕಳ ಪಾಡೂ ಹೀಗೆಯೇ. 1956ರಲ್ಲಿ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಿಂದ ಮುಂಬಯಿ ರಾಜ್ಯಕ್ಕೆ ಹೋದವು. ಅದೇ ವರ್ಷ ಸಂವಿಧಾನಕ್ಕೆ 350ಎ, 350ಬಿ ಕಲಮುಗಳು ಸೇರಿದವು. ಮೊದಲನೆಯದು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗೆ. ಆ ಅಧಿಕಾರಿಯೂ ರಾಷ್ಟ್ರಪತಿಗೆ ವರದಿ ಕೊಡುವವರೇ ಹೊರತು ಕನ್ನಡ ಮಾಸ್ತರರನ್ನು ಕಳಿಸೆಂದು ಅಪ್ಪಣೆ ಮಾಡುವವರಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? 6ರಿಂದ 14 ವಯಸ್ಸಿನ ಮಕ್ಕಳ ಹಕ್ಕಿನ ದೂರನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 32ನೆಯ ಕಲಮಿನಂತೆ ಸ್ಥಳೀಯ ಸಂಸ್ಥೆಗೆ ಬರವಣಿಗೆಯಲ್ಲಿ ಕೊಡಿರಿ. 3 ತಿಂಗಳಲ್ಲಿ ತೀರ್ಮಾನವಾಗಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕು ಆಯೋಗಕ್ಕೆ ಮೇಲ್ಮನವಿ. ಕೆಲಸದಿಂದ ತೆಗೆಯಲ್ಪಟ್ಟ ಖಾಸಗಿ ಶಾಲೆಯ ಶಿಕ್ಷಕರಿಗೆ 1977ರ ಕಾಯ್ದೆಯ ಶಾಲಾ ಟ್ರಿಬ್ಯುನಲ್ ಇದೆ. ಗಡುವು 30 ದಿನ. ಕಬ್ಬು ಕಡಿಯಲು ಹೋಗುವವರು ಊರು ಬಿಡುವ ಮೊದಲೇ ಅರ್ಜಿ ಕೊಟ್ಟು, ಮುದ್ರೆ ಹಾಕಿದ ಪ್ರತಿಯನ್ನು ಇಟ್ಟುಕೊಳ್ಳಲಿ.

ಇನ್ನು ನಮ್ಮ ಮನೆಯ ಮಾತು. ಅಲ್ಪಸಂಖ್ಯಾತರ ಶಾಲೆಗಳಿಗೆ 2009ರ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಾಧೀಶರು ಆ ತೀರ್ಪನ್ನು ಸಂದೇಹಿಸಿದರು. ಹಾಗೆಂದ ಮೇಲೆ ಕ್ರೈಸ್ತ ಶಾಲೆಯ ಕೂಲಿಕಾರ ಪಾಲಕನ ದೂರನ್ನು ಕೇಳುವವರು ಯಾರು? ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ ನಮ್ಮ ಆಡಳಿತ ಮಂಡಳಿಗಳು ಅಡಗಿಕೊಳ್ಳಬಾರದು. ಪ್ರತಿ ಶಾಲೆಯಲ್ಲಿ ಪಾಲಕರೂ ಶಿಕ್ಷಕರೂ ಕೂಡಿದ ದೂರು ಸಮಿತಿ ಇರಲಿ, ಉತ್ತರಕ್ಕೆ ಒಂದು ತಿಂಗಳ ಗಡುವಿರಲಿ.

ಸರಕಾರಕ್ಕೆ ನಮ್ಮ ಬೇಡಿಕೆಯೂ ಇಷ್ಟೇ: ಅನುದಾನದ ಒಂದು ರೂಪಾಯಿ ಪಡೆದ ಶಾಲೆಯೂ ಲೋಕಾಯುಕ್ತರ ಕಣ್ಣಿನ ಕೆಳಗೆ ಬರಬೇಕು. ಹಣ ಸಾರ್ವಜನಿಕರದಾದರೆ ಲೆಕ್ಕವೂ ಸಾರ್ವಜನಿಕರಿಗೇ ಸಲ್ಲಬೇಕು.